ಹಿಮೋಗ್ಲೋಬಿನ್ ಸರಿ ಇತ್ತು, ಹುಡುಗಿ ಮಾತ್ರ ಓಡುತ್ತಿರಲಿಲ್ಲ

ಕಾರವಾರದಲ್ಲಿ ಹೆಣ್ಣುಮಕ್ಕಳಿಗೆ ಓಟ ಕಲಿಸಲು ಶುರುಮಾಡಿ ಹದಿನಾಲ್ಕು ವರ್ಷವಾಯಿತು. ಬೆಳಿಗ್ಗೆ ಟಾಗೋರ್ ಕಡಲತೀರದ ಮರಳು, ಸಂಜೆ ಮಾಲಾದೇವಿ ಮೈದಾನ. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಬೈದದ್ದು ಒಬ್ಬಳಿಗೆ, ಅದೂ ಅವಳ ತಪ್ಪಿಲ್ಲದೆ.

800 ಮೀಟರನ್ನು 2 ನಿಮಿಷ 26 ಸೆಕೆಂಡಿಗೆ ಮುಗಿಸುತ್ತಿದ್ದವಳು ಎರಡೇ ತಿಂಗಳಲ್ಲಿ 2 ನಿಮಿಷ 39ಕ್ಕೆ ಬಂದಳು. "ಅಕ್ಕೋರೆ, ಎರಡನೇ ಸುತ್ತಿಗೆ ಕಾಲು ಎತ್ತೂಕೇ ಆಗ್ತಿಲ್ಲ" ಅಂದಳು. ಶಾಲೆಯಲ್ಲಿ ರಕ್ತ ನೋಡಿದ್ದರು, ಹಿಮೋಗ್ಲೋಬಿನ್ 12.3. ಹನ್ನೆರಡರ ಮೇಲಿದ್ದರೆ ರಕ್ತಹೀನತೆ ಅಲ್ಲ ಎಂದು ನನಗೂ ಗೊತ್ತಿತ್ತು. ಹಾಗಾದರೆ ಇದು ಸೋಮಾರಿತನವೇ ಎಂದು ತೀರ್ಮಾನಿಸಿ ಇನ್ನೆರಡು ಸುತ್ತು ಹೆಚ್ಚಿಗೆ ಓಡಿಸಿದೆ.

ಗುಟ್ಟು ಬಿಟ್ಟುಕೊಟ್ಟದ್ದು ಅವಳ ಟ್ರ್ಯಾಕ್ ಪ್ಯಾಂಟಿನ ಜೇಬು. ಒಂದು ದಿನ ಸ್ಟಾಪ್‌ವಾಚ್ ತೆಗೆದುಕೊಡು ಅಂದಾಗ ಅದರ ಜೊತೆ ಒಂದು ಹಿಡಿ ಹಸಿ ಅಕ್ಕಿಯೂ ಬಂತು. ಕೇಳಿದರೆ ನಾಚಿಕೊಂಡಳು. ದಿನವಿಡೀ ಕಟಕಟ ಅಗಿಯುತ್ತಿದ್ದಳಂತೆ. ಅಕ್ಕಿ, ಮಣ್ಣು, ಮಂಜುಗಡ್ಡೆ ತಿನ್ನಬೇಕೆನಿಸುವುದು ಕಬ್ಬಿಣದ ಕೊರತೆಯ ಲಕ್ಷಣ ಎಂದು ಎಲ್ಲೋ ಕೇಳಿದ್ದೆ. ಅವಳ ಅಮ್ಮನನ್ನೂ ಕರೆದುಕೊಂಡು ಡಾಕ್ಟರ ಬಳಿ ಹೋದೆ. ಅವರು ಮೊದಲು ಕೇಳಿದ್ದು ಮುಟ್ಟಿನ ಬಗ್ಗೆ. ಏಳೆಂಟು ದಿನ, ಮೊದಲ ಮೂರು ದಿನ ಎರಡು ತಾಸಿಗೊಮ್ಮೆ ಪ್ಯಾಡ್. ನಾನು ಒಮ್ಮೆಯೂ ಕೇಳಿರಲಿಲ್ಲ.

ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಬರೆದುಕೊಟ್ಟರು. ಬಂದದ್ದು 11. ಲ್ಯಾಬಿನವರ ವರದಿಯಲ್ಲಿ ಅದರ ಮುಂದೆ ಯಾವ ಗುರುತೂ ಇರಲಿಲ್ಲ, ಅವರ ಲೆಕ್ಕದಲ್ಲಿ ಹತ್ತರ ಮೇಲಿದ್ದರೆ ಸರಿ. ಡಾಕ್ಟರು ಒಪ್ಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಯೇ 15, ಓಡುವ ಹುಡುಗಿಯರಿಗೆ 30–35ಕ್ಕಿಂತ ಕೆಳಗೆ ಹೋದರೇ ನಾನು ಎಚ್ಚರವಾಗುತ್ತೇನೆ ಅಂದರು. ನಾನು ಈಗ ತಾಯಂದಿರಿಗೆ ಹೇಳುವುದು ಹೀಗೆ: ಹಿಮೋಗ್ಲೋಬಿನ್ ಒಲೆಯ ಮೇಲಿನ ಅನ್ನ, ಫೆರಿಟಿನ್ ಕಣಜದ ಭತ್ತ. ಕಣಜ ಬರಿದಾದ ಮೇಲೂ ಕೆಲವು ದಿನ ಒಲೆಯ ಮೇಲೆ ಅನ್ನ ಬೇಯುತ್ತಲೇ ಇರುತ್ತದೆ.

ಅಂದಿನಿಂದ ಓಟದ ಸೀಸನ್ ಶುರುವಾಗುವಾಗ ಎಲ್ಲರಿಗೂ ಎರಡೂ ಪರೀಕ್ಷೆ. ಅದರಲ್ಲೂ ಮುಗ್ಗರಿಸಿದೆ. ಒಬ್ಬಳಿಗೆ ನೆಗಡಿ ಜ್ವರ, ಹಿಂದಿನ ಸಂಜೆ ಗುಡ್ಡ ಹತ್ತಿಸಿ ಇಳಿಸಿದ್ದೆ, ಮಾರನೇ ಬೆಳಿಗ್ಗೆ ರಕ್ತ ಕೊಡಿಸಿದೆ. ಫೆರಿಟಿನ್ 61 ಬಂತು, ನಿಶ್ಚಿಂತೆಯಾದೆ. ಡಾಕ್ಟರು ಉರಿಯೂತ ತೋರಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಅದೂ ಏರಿತ್ತು. ಮೈಯಲ್ಲಿ ಉರಿಯೂತವಿದ್ದರೆ ಫೆರಿಟಿನ್ ಸುಳ್ಳೇ ಉಬ್ಬುತ್ತದೆ. ಮೂರು ವಾರ ಬಿಟ್ಟು ಮತ್ತೆ ನೋಡಿದಾಗ 17. ಈಗ ಭಾನುವಾರ ಪೂರ್ತಿ ವಿಶ್ರಾಂತಿ, ಸೋಮವಾರ ಬೆಳಿಗ್ಗೆ ರಕ್ತ. ಕೆಮ್ಮುತ್ತಿದ್ದವಳನ್ನು ಅವತ್ತು ಕರೆದೊಯ್ಯುವುದಿಲ್ಲ.

ಮಾತ್ರೆ ಎಷ್ಟು ಎಂಬುದು ಡಾಕ್ಟರ ಕೆಲಸ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಇಷ್ಟು ಕೆಳಗಿಳಿದವರಿಗೆ ಸಾಲುವುದಿಲ್ಲ. ಅಕ್ಕಿ ಅಗಿಯುತ್ತಿದ್ದ ನಮ್ಮವಳಿಗೆ ದಿನ ಬಿಟ್ಟು ದಿನ ಕೊಟ್ಟರು. ಬಿರುಸಿನ ಓಟವಾಗಿ ಮೂರು ತಾಸಿನ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಕರುಳು ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ. ಅದಕ್ಕೇ ಬೆಳಗಿನ ಓಟ ಮುಗಿದ ಅರ್ಧ ತಾಸಿನೊಳಗೆ ಲಿಂಬು ಪಾನಕದ ಜೊತೆ ಮಾತ್ರೆ. ಮಲ ಕಪ್ಪಗಾದರೆ ಹೆದರಬೇಡಿ ಎಂದು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಮಾತ್ರೆ ಬಚ್ಚಲು ಸೇರುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಚಹಾ. ಓಡಿ ಬಂದ ಮಗಳಿಗೆ ಮೊದಲು ಲೋಟ ತುಂಬ ಚಹಾ ಕೊಡದಿದ್ದರೆ ಅಮ್ಮನಿಗೆ ಸಮಾಧಾನವಿಲ್ಲ, ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂದರೆ ನಂಬಿಕೆಯೂ ಇಲ್ಲ. ಕೊನೆಗೆ ಎರಡು ತಾಸು ಮುಂದೂಡಿದರು. ಬಳಚು, ಬಂಗಡೆ ತಿನ್ನುವ ಮನೆ, ಊಟದ ಬಗ್ಗೆ ನಾನು ಹೆಚ್ಚು ಹೇಳಬೇಕಾಗಲಿಲ್ಲ.

ಹತ್ತು ವಾರಕ್ಕೆ ಫೆರಿಟಿನ್ 29. ಡಾಕ್ಟರು ಇನ್ನೂ ನಿಲ್ಲಿಸಬೇಡ ಅಂದರು. ಓಟ 2 ನಿಮಿಷ 30ಕ್ಕೆ ಬಂದಿದೆ. ಅಕ್ಕಿ ಡಬ್ಬಿ ಈಗ ಬೇಗ ಖಾಲಿಯಾಗುತ್ತಿಲ್ಲ ಎಂದು ಅವಳ ಅಮ್ಮ ಮೊನ್ನೆ ಮೀನು ಪೇಟೆಯಲ್ಲಿ ಸಿಕ್ಕಾಗ ಹೇಳಿದರು.