ಕಲಾ ಇತಿಹಾಸಕಾರ್ತಿಯೊಬ್ಬರ ಜೀವನಚರಿತ್ರೆಯನ್ನು ಬರೆಯುವ ಬಗೆ

ಕಲಾ ಇತಿಹಾಸಕಾರ್ತಿಯೊಬ್ಬರ ಬದುಕನ್ನು ಬರೆಯಲು ಕುಳಿತವರು ಮೊದಲು ಅವರ ಬರಹಗಳನ್ನು ಪ್ರಕಟಣೆಯ ವರ್ಷದ ಕ್ರಮದಲ್ಲಿ ಜೋಡಿಸಿಕೊಂಡು ಓದಬೇಕು. ಹುಟ್ಟು, ಶಿಕ್ಷಣ, ಮದುವೆ, ಹುದ್ದೆ, ಪ್ರಶಸ್ತಿ ಎಂಬ ಸರಣಿಯಿಂದಲೇ ಆರಂಭಿಸಿದರೆ ಲೇಖನವು ಸೇವಾ ದಾಖಲೆಯಾಗಿ ಉಳಿಯುತ್ತದೆ. ಶಿಲ್ಪವನ್ನೋ ಚಿತ್ರವನ್ನೋ ಗಂಟೆಗಟ್ಟಲೆ ನೋಡಿ, ಹಿಂದಿನವರಿಗೆ ಕಾಣದ್ದನ್ನು ಕಂಡು, ಅದಕ್ಕೆ ಮಾತು ಹುಡುಕಿದ್ದೇ ಅವರ ಬದುಕಿನ ದೊಡ್ಡ ಘಟನೆಯಾಗಿರುತ್ತದೆ. ಆ ಘಟನೆ ಯಾವ ಪ್ರಮಾಣಪತ್ರದಲ್ಲಿಯೂ ದಾಖಲಾಗಿರುವುದಿಲ್ಲ. ಬರಹಗಳಲ್ಲಿ ಮಾತ್ರ ಸಿಗುತ್ತದೆ.

ಮಾತು ಬರಿಯ ಸೂತ್ರವಾಗದಂತೆ, ಭಾರತೀಯ ಕಲೆಯ ಅಧ್ಯಯನಕ್ಕೆ ಬದುಕನ್ನೇ ಮುಡಿಪಾಗಿಟ್ಟ ಸ್ಟೆಲ್ಲಾ ಕ್ರಾಮ್ರಿಷ್ ಅವರನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅವರು ಹುಟ್ಟಿದ ನಿಕೋಲ್ಸ್‌ಬರ್ಗ್ ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಇಂದು ಅದು ಜೆಕ್ ಗಣರಾಜ್ಯದ ಮಿಕುಲೋವ್. ಇಂತಹ ಕಡೆ ಅಂದಿನ ಹೆಸರು, ಇಂದಿನ ಹೆಸರು ಎರಡನ್ನೂ ಒಂದೇ ವಾಕ್ಯದಲ್ಲಿ ಕೊಟ್ಟು ಮುಂದೆ ಸಾಗಬೇಕು. ಬಾಲ್ಯಕ್ಕೆ ಒಂದು ಪರಿಚ್ಛೇದಕ್ಕಿಂತ ಹೆಚ್ಚು ಜಾಗ ಬೇಕಾಗುವುದು ಅಪರೂಪ.

ಹೆಚ್ಚು ಎಚ್ಚರ ಬೇಕಾಗುವುದು ಗುರುಗಳು, ಆಹ್ವಾನಿಸಿದವರು, ಪೋಷಕರು ಬರುವ ಭಾಗದಲ್ಲಿ. ಕ್ರಾಮ್ರಿಷ್ ಅವರ ಕಥೆಯನ್ನು ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ: ಅವರಿಗೆ ವಿಯೆನ್ನಾದಲ್ಲಿ ಪ್ರಾಧ್ಯಾಪಕ ಯೋಸೆಫ್ ಸ್ಟ್ರಿಗೊವ್ಸ್ಕಿ ಕಲಿಸಿದರು, ಇಂಗ್ಲೆಂಡಿನಲ್ಲಿ ರವೀಂದ್ರನಾಥ ಟಾಗೋರರು ಅವರನ್ನು ಕಂಡು ಶಾಂತಿನಿಕೇತನಕ್ಕೆ ಕರೆದರು. ಎರಡೂ ನಿಜ. ಆದರೆ ಈ ಎರಡು ವಾಕ್ಯಗಳಲ್ಲಿಯೂ ಕರ್ತೃವಿನ ಸ್ಥಾನದಲ್ಲಿ ಗಂಡಸರಿದ್ದಾರೆ, ಕ್ರಾಮ್ರಿಷ್ ಕರ್ಮಪದವಾಗಿದ್ದಾರೆ. ಕಾಲಾನುಕ್ರಮಣಿಕೆಯನ್ನು ಮುಂದಿಟ್ಟುಕೊಂಡರೆ ಬೇರೆಯದೇ ಚಿತ್ರ ಮೂಡುತ್ತದೆ. ವಿಯೆನ್ನಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗವು ಮಹಿಳೆಯರಿಗೆ ಬಾಗಿಲು ತೆರೆದದ್ದು 1897ರಲ್ಲಿ. ಕೇವಲ ಇಪ್ಪತ್ತೆರಡು ವರ್ಷಗಳ ನಂತರ, 1919ರಲ್ಲಿ, ಭಾರತವನ್ನು ಇನ್ನೂ ಕಣ್ಣಾರೆ ಕಾಣದ ತರುಣಿಯೊಬ್ಬಳು ಭಾರತದ ಆರಂಭಕಾಲದ ಬೌದ್ಧ ಶಿಲ್ಪದ ಮೇಲೆ ಅಲ್ಲಿಯೇ ಡಾಕ್ಟರೇಟ್ ಪಡೆದಿದ್ದಳು. ಟಾಗೋರರ ಆಹ್ವಾನ ಬಂದದ್ದು ಆ ವಿದ್ವತ್ತಿನ ಫಲವಾಗಿ. ನಿಮ್ಮ ಕರಡಿನ ಪ್ರತಿಯೊಂದು ಪರಿಚ್ಛೇದದಲ್ಲಿ ಯಾರು ಕ್ರಿಯೆಯನ್ನು ನಡೆಸುತ್ತಿದ್ದಾರೆ ಎಂಬುದನ್ನು ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋಗಿ. ಈ ಸಣ್ಣ ಪರೀಕ್ಷೆ ಬರವಣಿಗೆಯನ್ನು ಎಷ್ಟು ತಿದ್ದುತ್ತದೆ ಎಂಬುದು ಮಾಡಿ ನೋಡಿದವರಿಗೆ ತಿಳಿಯುತ್ತದೆ.

ಗ್ರಂಥಗಳ ಆಚೆಗೂ ಹುಡುಕಬೇಕು. ಈ ಕ್ಷೇತ್ರದಲ್ಲಿ ಮಹಿಳೆಯರು ಮಾಡಿದ ಕೆಲಸದ ಬಹುಪಾಲು ಕ್ಯಾಟಲಾಗ್‌ಗಳಲ್ಲಿ, ನಿಯತಕಾಲಿಕೆಗಳ ಸಂಪಾದನೆಯಲ್ಲಿ, ಅನುವಾದಗಳಲ್ಲಿ, ಪ್ರದರ್ಶನಗಳ ಏರ್ಪಾಟಿನಲ್ಲಿ ಹುದುಗಿರುತ್ತದೆ. ಹಲವು ವೇಳೆ ಅಲ್ಲಿ ಹೆಸರೂ ಇರುವುದಿಲ್ಲ. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಜರ್ಮನಿಯ ಬೌಹೌಸ್ ಶಾಲೆಯ ಕಲಾವಿದರ ಕೃತಿಗಳು ಪ್ರದರ್ಶನಗೊಂಡವು. ಕ್ಲೀ, ಕ್ಯಾಂಡಿನ್‌ಸ್ಕಿ ಮುಂತಾದವರ ಚಿತ್ರಗಳು ಭಾರತದ ನೋಡುಗರ ಎದುರಿಗೆ ಬರುವುದಕ್ಕೆ ಕ್ರಾಮ್ರಿಷ್ ಅವರು ನಡೆಸಿದ ಪತ್ರವ್ಯವಹಾರ ಮುಖ್ಯ ಕಾರಣವಾಗಿತ್ತು. ಪುಸ್ತಕಗಳ ಪಟ್ಟಿಯನ್ನಷ್ಟೇ ನೋಡಿದವರಿಗೆ ಈ ಸಂಗತಿ ಸಿಗುವುದಿಲ್ಲ. ಅದೇ ರೀತಿ, ವಿಷ್ಣುಧರ್ಮೋತ್ತರ ಎಂಬ ಪ್ರಾಚೀನ ಸಂಸ್ಕೃತ ಗ್ರಂಥದ ಮೂರನೆಯ ಖಂಡದಲ್ಲಿ ಚಿತ್ರಕಲೆಯ ಲಕ್ಷಣಗಳನ್ನು ಹೇಳುವ ಭಾಗವನ್ನು ಅವರು 1920ರ ದಶಕದಲ್ಲಿ ಇಂಗ್ಲಿಷಿಗೆ ತಂದದ್ದನ್ನು ಅನುವಾದವೆಂದು ಬದಿಗಿಡಬಾರದು. ಮುಂದೆ ಅವರು ಶಿಲ್ಪವನ್ನು ಶಾಸ್ತ್ರದ ಜೊತೆಗಿಟ್ಟು ಓದಿದ ಕ್ರಮಕ್ಕೆ ಬೇರು ಅಲ್ಲಿಯೇ ಇದೆ. ಮದುವೆಯ ನಂತರ ಹೆಸರು ಬದಲಾಯಿಸಿಕೊಂಡವರ ವಿಷಯದಲ್ಲಿ ಎರಡೂ ಹೆಸರುಗಳಲ್ಲಿ, ಬರಿಯ ಇನಿಷಿಯಲ್‌ಗಳಲ್ಲಿಯೂ ಹುಡುಕಬೇಕು. ಬೇರೆಯವರ ಮುನ್ನುಡಿಗಳ ಕೃತಜ್ಞತೆಯ ಸಾಲುಗಳನ್ನೂ ಬಿಡಬಾರದು.

ಇನ್ನು ಮುಖ್ಯ ಕೃತಿಯ ವಿಚಾರ. ಲೇಖನದ ಮೂರನೇ ಒಂದು ಭಾಗವನ್ನಾದರೂ ಇದಕ್ಕೆ ಮೀಸಲಿಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಕ್ರಾಮ್ರಿಷ್ 1924ರಿಂದ 1950ರವರೆಗೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಹಿಂದೂ ದೇವಾಲಯವನ್ನು ಕುರಿತ ಅವರ ಎರಡು ಸಂಪುಟಗಳ ಗ್ರಂಥವನ್ನು ಅದೇ ವಿಶ್ವವಿದ್ಯಾಲಯ 1946ರಲ್ಲಿ ಪ್ರಕಟಿಸಿತು. ‘ಇದು ಮಹತ್ವದ ಗ್ರಂಥ’ ಎಂದು ಬರೆದರೆ ಓದುಗರಿಗೆ ಏನೂ ಸಿಕ್ಕಂತಾಗುವುದಿಲ್ಲ. ದೇವಾಲಯದ ನೆಲನಕ್ಷೆಯನ್ನು ವಾಸ್ತುಪುರುಷಮಂಡಲದಿಂದ, ಅಂದರೆ ವಾಸ್ತುಶಾಸ್ತ್ರ ಹೇಳುವ ಚೌಕಗಳ ಪವಿತ್ರ ರೇಖಾಕೃತಿಯಿಂದ, ಅರ್ಥಮಾಡಿಕೊಂಡದ್ದು, ಕತ್ತಲೆಯ ಗರ್ಭಗೃಹದಿಂದ ಹೊರಗೋಡೆಯ ಮೂರ್ತಿಗಳ ಕಡೆಗೂ ಮೇಲಿನ ಶಿಖರದ ಕಡೆಗೂ ಹಬ್ಬುವ ಒಂದೇ ಶರೀರವಾಗಿ ಇಡೀ ಕಟ್ಟಡವನ್ನು ಕಂಡದ್ದು, ಅದಕ್ಕೆ ಸಂಸ್ಕೃತ ಗ್ರಂಥಗಳ ಆಧಾರವನ್ನು ಒದಗಿಸಿದ್ದು, ಇವನ್ನು ನಿಮ್ಮದೇ ಮಾತಿನಲ್ಲಿ ಬಿಡಿಸಿ ಹೇಳಬೇಕು. ಸಾಧ್ಯವಿದ್ದರೆ ಅವರು ಬರೆದ ಒಂದು ದೇವಾಲಯದ ಎದುರು, ಖಜುರಾಹೊದ ಕಂಡರಿಯಾ ಮಹಾದೇವದಂತಹ ಕಡೆ, ಆ ಪುಟಗಳನ್ನು ಕೈಯಲ್ಲಿ ಹಿಡಿದು ನಿಂತು ನೋಡಿ. ಬರೆಯುವಾಗ ಇಂಗ್ಲಿಷ್ ಪರಿಭಾಷೆಗೆ ಹೊಸ ಕನ್ನಡ ಪದ ಹೊಸೆಯುವ ಬದಲು ಅಧಿಷ್ಠಾನ (ಪೀಠದ ಕಟ್ಟೆ), ಭಿತ್ತಿ (ಗೋಡೆ), ಶಿಖರ ಎಂಬ ಮೂಲ ಪದಗಳಿಗೇ ಮರಳಬೇಕು. ನಮ್ಮ ಭಾಷೆಗೆ ಇರುವ ಈ ಅನುಕೂಲವನ್ನು ಕೈಬಿಡುವುದು ನಷ್ಟವೇ ಸರಿ.

ಭಿನ್ನಾಭಿಪ್ರಾಯಗಳನ್ನೂ ಮುಚ್ಚಿಡಬಾರದು. ಶಾಸನ, ಕಾಲನಿರ್ಣಯ, ಕಟ್ಟಿಸಿದವರ ಚರಿತ್ರೆಗೆ ಒತ್ತು ಕೊಟ್ಟ ನಂತರದ ವಿದ್ವಾಂಸರಿಗೆ ಕ್ರಾಮ್ರಿಷ್ ಅವರ ವಿವರಣೆಯಲ್ಲಿ ತತ್ತ್ವವೇ ಇತಿಹಾಸವನ್ನು ಆವರಿಸಿದಂತೆ ಕಂಡಿತು. ಆಕ್ಷೇಪವನ್ನು ಅದರ ಪೂರ್ಣಬಲದಲ್ಲಿ ಹೇಳಿದರೆ ಮಾತ್ರ ಆ ವಿದುಷಿಗೆ ಗೌರವ ಸಲ್ಲುತ್ತದೆ. ಹೊಗಳಿಕೆಯ ಲೇಖನ ಅವರನ್ನು ಚರ್ಚೆಯಿಂದಲೇ ಹೊರಗಿಡುತ್ತದೆ.

ಖಾಸಗಿ ಬದುಕನ್ನು ಕೆಲಸಕ್ಕೆ ತಿರುವು ಕೊಟ್ಟಷ್ಟು ಮಟ್ಟಿಗೆ ಹೇಳಿದರೆ ಸಾಕು. ಪತಿ ಲಾಸ್ಲೊ ನೆಮೆನ್ಯಿ 1950ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ಅದೇ ವರ್ಷ ಕ್ರಾಮ್ರಿಷ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ದುಃಖದ ವರ್ಣನೆಯನ್ನು ಊಹಿಸಿ ಬರೆಯಬಾರದು.

ವಸ್ತುಸಂಗ್ರಹಾಲಯದ ವರ್ಷಗಳನ್ನು ಬರೆಯುವಾಗ ಪ್ರತಿಯೊಂದು ಪ್ರದರ್ಶನವನ್ನೂ ಒಂದು ಕೃತಿಯಂತೆಯೇ ಓದಬೇಕು: ಯಾವ ವಸ್ತುಗಳನ್ನು ಆರಿಸಿದರು, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟರು, ಎಲ್ಲಿಂದ ಎರವಲು ತಂದರು ಎಂದು ಕೇಳಿಕೊಳ್ಳಬೇಕು. ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿ ಕ್ಯುರೇಟರ್ ಆಗಿದ್ದ ಕ್ರಾಮ್ರಿಷ್ 1968ರಲ್ಲಿ ಭಾರತದ ಬುಡಕಟ್ಟು ಮತ್ತು ಹಳ್ಳಿಗಳ ಆಚರಣೆಯ ಕಲೆಯನ್ನೂ, 1981ರಲ್ಲಿ ಶಿವನ ರೂಪಗಳನ್ನೂ ಪ್ರದರ್ಶಿಸಿದರು. ಶಾಸ್ತ್ರಗ್ರಂಥಗಳಲ್ಲಿ ಮುಳುಗಿದ್ದವರೆಂದು ಅವರನ್ನು ತಿಳಿದವರು ಮೊದಲನೆಯದನ್ನು ಗಮನಿಸಿದರೆ ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುತ್ತದೆ. ನಿಮ್ಮ ಬರಹದಲ್ಲಿಯೂ ಇಂತಹ ಒಂದು ಸಂಗತಿಗೆ ಕೊನೆಯ ಭಾಗದಲ್ಲಿ ಜಾಗ ಉಳಿಸಿಕೊಳ್ಳಿ. 1982ರಲ್ಲಿ ಅವರಿಗೆ ಪದ್ಮಭೂಷಣ ಬಂದದ್ದನ್ನೂ, 1993ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರು ತೀರಿಕೊಂಡದ್ದನ್ನೂ ಅದಕ್ಕಿಂತ ಮೊದಲೇ ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು.