ಕಲ್ಲಿಗೆ ತಕ್ಕ ಪೀಠ

ಹೊಳೆಯಲ್ಲಿ ಸವೆದು ಬೆಟ್ಟದಂತೆಯೋ ದ್ವೀಪದಂತೆಯೋ ಕಾಣುವ ಕಲ್ಲನ್ನು ಶಿಲ್ಪವೆಂದೇ ಎತ್ತಿಟ್ಟು ನೋಡುವ ಕಲೆಗೆ ಜಪಾನಿನಲ್ಲಿ ಸುಯಿಸೆಕಿ ಎಂದು ಹೆಸರು. ಚೀನಾದ ಪರಂಪರೆ ಇನ್ನೂ ಹಳೆಯದು. ಅಲ್ಲಿ ತೈಹು ಸರೋವರದ ತೂತುಬಿದ್ದ, ಸುಕ್ಕುಗಟ್ಟಿದ ಸುಣ್ಣಕಲ್ಲಿಗೆ ಬಹಳ ಮನ್ನಣೆ. ಕಲ್ಲಿನ ತಳವನ್ನು ಕೊಯ್ದು ಸಮತಟ್ಟು ಮಾಡಿದರೆ ಕೆಲಸ ಸುಲಭ, ಆದರೆ ಅರ್ಧ ಬೆಲೆ ಅಲ್ಲೇ ಹೋಯಿತು. ಕಲ್ಲು ಇದ್ದಂತೆಯೇ ಇರಲಿ, ಅದರ ಉಬ್ಬುತಗ್ಗಿಗೆ ಮರ ಹೊಂದಿಕೊಳ್ಳಲಿ. ಹೀಗೆ ಕೆತ್ತಿದ ಪೀಠವೇ ದೈಜಾ.

ಮೊದಲು ಕಲ್ಲನ್ನು ನೀರು, ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ತಂತಿ ಬ್ರಷ್ ಬೇಡ, ಬೂದುಗೀರು ಉಳಿಯುತ್ತದೆ. ಸುಣ್ಣಕಲ್ಲಿಗೆ ಆಸಿಡ್ ಸೋಕಿದರೆ ನೊರೆಯೆದ್ದು ಮೈಯೇ ಕರಗುತ್ತದೆ. ಒಣಗಿದ ಮೇಲೆ ಮರಳಿನ ತಟ್ಟೆಯಲ್ಲಿ ನಿಲ್ಲಿಸಿ, ತಿರುಗಿಸಿ, ನಾಲ್ಕು ದಿನ ಕಣ್ಣೆದುರೇ ಇಡಿ. ಮುಖ ಯಾವುದು, ಎಷ್ಟು ವಾಲಬೇಕು ಎಂಬುದು ಇಲ್ಲೇ ತೀರ್ಮಾನವಾಗಬೇಕು. ಮರ ಕೆತ್ತಿದ ಮೇಲೆ ಮನಸ್ಸು ಬದಲಿಸುವಂತಿಲ್ಲ.

20 ಸೆಂ.ಮೀ. ಉದ್ದದ ಕಲ್ಲಿಗೆ 30–35 ಮಿ.ಮೀ. ದಪ್ಪದ, ಚೆನ್ನಾಗಿ ಒಣಗಿದ ತೇಗ ಅಥವಾ ಬೀಟೆ ಸಾಕು. ಹಸಿಮರ ಒಣಗುತ್ತಾ ಕುಗ್ಗಿ, ಕಲ್ಲನ್ನು ಬಿಗಿಹಿಡಿದು ತಾನೇ ಸೀಳಿಹೋಗುತ್ತದೆ. ಕಲ್ಲನ್ನು ಮರದ ಮೇಲಿಟ್ಟು ಸುತ್ತ ಗೆರೆ ಎಳೆಯುವಾಗ ಪೆನ್ಸಿಲ್ ನೆಟ್ಟಗಿರಲಿ. ಒಳಕ್ಕೆ ವಾಲಿದರೆ ಗುಳಿ ಕಿರಿದಾಗುತ್ತದೆ, ಹೊರಕ್ಕೆ ವಾಲಿದರೆ ಕಲ್ಲಿನ ಸುತ್ತ ಸಂದು ಬಾಯಿಬಿಡುತ್ತದೆ. ಕಿರಿದಾದರೆ ತಿದ್ದಬಹುದು, ಸಂದಿಗೆ ಮದ್ದಿಲ್ಲ.

ಹೊರ ಅಂಚನ್ನು ಕತ್ತರಿಸುವ ಆತುರ ಬೇಡ. ಮರ ಇನ್ನೂ ಚೌಕವಾಗಿದ್ದಾಗಲೇ ಕ್ಲಾಂಪಿಗೆ ಸರಿಯಾಗಿ ಕೂರುತ್ತದೆ; ಆಗಲೇ ಉಳಿಯಿಂದ ಗುಳಿ ತೆಗೆಯಿರಿ, ಗೆರೆಗಿಂತ 1 ಮಿ.ಮೀ. ಒಳಗೆ. ಮುಂದಿನದೇ ತಾಳ್ಮೆಯ ಕೆಲಸ. ಕಲ್ಲಿನ ತಳಕ್ಕೆ ಸೀಮೆಸುಣ್ಣ ಸವರಿ (ಬಿಳಿ ಕಲ್ಲಾದರೆ ಇದ್ದಿಲು), ಗುಳಿಯಲ್ಲಿಟ್ಟು ಮೆಲ್ಲಗೆ ಒತ್ತಿ ಎತ್ತಿ. ಬಣ್ಣ ಹತ್ತಿದ ಕಡೆಯೇ ಮರ ಎದ್ದುನಿಂತಿದೆ. ಅಷ್ಟನ್ನೇ ಹೆರೆದು, ಮತ್ತೆ ಸವರಿ, ಮತ್ತೆ ಇಡಿ. ಐವತ್ತು ಸಲ ಆದರೂ ಬೇಸರಿಸಬೇಡಿ. ಬರಬರುತ್ತಾ ಎರಡೇ ದೊಡ್ಡ ಮಚ್ಚೆಗಳಿದ್ದದ್ದು ಗುಳಿಯ ತುಂಬ ಚುಕ್ಕೆಗಳಾಗಿ ಹರಡುತ್ತದೆ. ಕಲ್ಲು ಅಲುಗುವುದು ನಿಲ್ಲುತ್ತದೆ. ಗುಳಿಯ ಕೆಳಗೆ ಕನಿಷ್ಠ 5 ಮಿ.ಮೀ. ಮರ ಉಳಿದಿರಲಿ, ಕಾಲುಗಳನ್ನು ಬಿಟ್ಟು.

ಈಗ ಹೊರ ಅಂಚು: ಕಲ್ಲಿನ ಸುತ್ತ 4–5 ಮಿ.ಮೀ. ಗೋಡೆ ಬಿಟ್ಟು ಗರಗಸ ಹಾಕಿ. ಗೋಡೆ ದಪ್ಪವಾದರೆ ಪೀಠವೇ ಮೆರೆಯುತ್ತದೆ. ಕಾಲುಗಳನ್ನೂ ಅದೇ ಮರದಲ್ಲಿ ಕೆತ್ತಿ, ಕಲ್ಲಿನ ಅಂಚು ಹೊರಚಾಚಿದಲ್ಲಿ. ಒಳಸರಿದ ಜಾಗದಲ್ಲಿಟ್ಟರೆ ಭಾರ ಹೊರಕ್ಕೆ ಬಿದ್ದು ಕಲ್ಲು ಮಗುಚುತ್ತದೆ.

120, 220, 400 ನಂಬರಿನ ಪಾಲಿಶ್ ಪೇಪರ್‌ನಲ್ಲಿ ಕ್ರಮವಾಗಿ ಉಜ್ಜಿ, ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ. ಎಣ್ಣೆ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬೇಡಿ, ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು; ಬಯಲಲ್ಲಿ ಹರಡಿ ಒಣಗಿಸಿ. ವಾರ್ನಿಷ್ ಮಿಂಚಿದರೆ ಕಣ್ಣು ಕಲ್ಲನ್ನು ಬಿಟ್ಟು ಮರಕ್ಕೆ ಹೋಗುತ್ತದೆ.

ನೀರು ಚಿಮುಕಿಸಿ ಕಲ್ಲಿನ ಬಣ್ಣ ನೋಡುವ ಆಸೆಯಾದರೆ ಪೀಠದಿಂದ ಎತ್ತಿ, ಮರಳು ಹರಡಿದ ಸುಯಿಬಾನ್ ಎಂಬ ತಗ್ಗು ತಟ್ಟೆಯಲ್ಲಿಡಿ. ತಳ ಪೂರ್ತಿ ಒಣಗುವವರೆಗೆ ಪೀಠಕ್ಕೆ ಮರಳಿಸಬೇಡಿ.