ತರ್ಟಿಟೂ ಲಾಂಗ್ ತೋಟಾ: ನಾನು ಯಾಕೆ ಇದನ್ನೇ ಹಿಡಿದುಕೊಂಡಿದ್ದೇನೆ

.32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ಅನ್ನುವ ರಿವಾಲ್ವರ್ ತೋಟಾ ಅಮೆರಿಕದಲ್ಲಿ ಈಗ ಅಪರೂಪದ ಸರಕು. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಅದಕ್ಕೆಂದೇ ಹೊಸ ರಿವಾಲ್ವರ್ ಬರುವುದೂ ಕಡಿಮೆ. ಆದರೂ ಅದನ್ನು ಬಿಡಲೊಲ್ಲದ ಒಂದಷ್ಟು ಹವ್ಯಾಸಿಗಳಿದ್ದಾರೆ. ನಮ್ಮಲ್ಲಿ ಉಲ್ಟಾ. ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಲೈಸೆನ್ಸ್ ಮೇಲೆ ರಿವಾಲ್ವರ್ ಇಟ್ಟುಕೊಂಡವರನ್ನು ಕೇಳಿ ನೋಡಿ, ಹೆಚ್ಚಿನವರದ್ದು ಇದೇ. 'ತರ್ಟಿಟೂ ಬೋರ್' ಅಂತಾರೆ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ, ಇಂಚಿನ ಲೆಕ್ಕದಲ್ಲಿ), ಅಲ್ಲಿಗೆ ಮುಗೀತು. ಇಷ್ಟಪಟ್ಟು ತಗೊಂಡವರು ಕಡಿಮೆ, ಬೇರೆ ದಾರಿ ಇಲ್ಲದೆ ತಗೊಂಡವರೇ ಜಾಸ್ತಿ. ನನಗಂತೂ ಆರಿಸಿಕೊಳ್ಳುವ ಪ್ರಶ್ನೆಯೇ ಬರಲಿಲ್ಲ, ಅಪ್ಪನದ್ದು ಬಂತು. ಈಗ ಬೇರೆ ಕೊಡ್ತೀನಿ ಅಂದರೂ ಬೇಡ ಅನ್ನುತ್ತೇನೆ.

ನಮ್ಮದು ಹೊಳಲ್ಕೆರೆ ಕಡೆ ಅಡಿಕೆ ತೋಟ. ಅಪ್ಪ ತೋಟದ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಧೈರ್ಯಕ್ಕಿರಲಿ ಅಂತ ವೆಬ್ಲಿ ಮಾರ್ಕ್ 4 ಅನ್ನುವ ಹಳೇ ಬ್ರಿಟಿಷ್ ರಿವಾಲ್ವರ್ ತಗೊಂಡಿದ್ದರು, .32 ಬೋರಿನದು. ಅವರು ಅದನ್ನು ಹಾರಿಸಿದ್ದು ನಾನು ನೋಡಿಯೇ ಇಲ್ಲ. ಆಯುಧ ಪೂಜೆಯ ದಿನ ಹೊರಗೆ ಬರುತ್ತಿತ್ತು, ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋಗುತ್ತಿತ್ತು. ಅವರ ನಂತರ ಲೈಸೆನ್ಸ್ ನನ್ನ ಹೆಸರಿಗೆ ಆಗುವ ಹೊತ್ತಿಗೆ ಜಿಲ್ಲಾಧಿಕಾರಿ ಕಚೇರಿ, ಠಾಣೆ, ಪೊಲೀಸ್ ವರದಿ, ತರಬೇತಿ ಸರ್ಟಿಫಿಕೇಟ್ ಅಂತ ಓಡಾಡಿದ್ದು ಬೇರೆಯದೇ ಕಥೆ. ಅದರಲ್ಲಿ ನನಗೆ ಲಾಭವಾಗಿದ್ದು ತರಬೇತಿ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋದವನಿಗೆ ಗುರಿಯ ಹುಚ್ಚು ಹತ್ತಿತು.

ಎಲ್ಲರ ಹತ್ತಿರವೂ .32 ಯಾಕೆ ಅನ್ನುವುದಕ್ಕೆ ಕಾರಣ ಕಾನೂನಿನಲ್ಲಿದೆ. 1962ರ ಆಯುಧ ನಿಯಮಗಳಲ್ಲಿ .380 ಮತ್ತು .455 ತೋಟಾ ಹಾಕಿ ಹಾರಿಸಬಹುದಾದ ರಿವಾಲ್ವರ್, ಸೈನ್ಯದ 9 ಮಿ.ಮೀ. ಹಾಕಬಹುದಾದ ಪಿಸ್ತೂಲ್ ಎಲ್ಲವನ್ನೂ ಸಾಮಾನ್ಯ ಜನಕ್ಕೆ ಸಿಗದ ಪಟ್ಟಿಗೆ ಹಾಕಿದ್ದರು. ಸೈನ್ಯದ, ಪೊಲೀಸರ ತೋಟಾ ಹೊರಗಿನವರ ಕೈಗೆ ಹೋಗಬಾರದು ಅನ್ನುವ ಲೆಕ್ಕ. ಬ್ರಿಟಿಷರ ಕಾಲದ ದೊಡ್ಡ ರಿವಾಲ್ವರ್‌ಗಳೆಲ್ಲ ಅದರಲ್ಲೇ ಹೋದವು. ಜನಕ್ಕೆ ಉಳಿದದ್ದು ಮುಖ್ಯವಾಗಿ .32. ಕಾನ್ಪುರದ ಸರ್ಕಾರಿ ಕಾರ್ಖಾನೆ ಮಾಡಿದ ರಿವಾಲ್ವರ್ ಕೂಡ ಇದೇ ಬೋರಿನದು, ಅದರ ಮೈಕಟ್ಟು ವೆಬ್ಲಿ ಮಾರ್ಕ್ 4ರದ್ದೇ. ನಮ್ಮಪ್ಪನದನ್ನೂ ಅದನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರು ಅಂತ ಯಾರಾದರೂ ಹೇಳುತ್ತಾರೆ. ಎಡಗಡೆಯ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಸಿಲಿಂಡರ್ ಹಿಂದಿನಿಂದ ನಕ್ಷತ್ರದಾಕಾರದ ತಟ್ಟೆ ಮೇಲೆದ್ದು ಆರೂ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಒಟ್ಟಿಗೆ ಎತ್ತಿ ಬಿಸಾಡುತ್ತದೆ. ಈ ಒಂದು ಕೆಲಸವನ್ನು ನೋಡುವುದಕ್ಕೇ ಶಿಬಿರದಲ್ಲಿ ಹುಡುಗರು ಸುತ್ತ ನಿಲ್ಲುತ್ತಾರೆ.

ತೋಟಾದ ವಯಸ್ಸು ಇನ್ನೂ ದೊಡ್ಡದು. 1878ರಲ್ಲಿ ಸ್ಮಿತ್ ಅಂಡ್ ವೆಸ್ಸನ್‌ನವರು .32 ಅಂತ ಒಂದು ಗಿಡ್ಡ ತೋಟಾ ತಂದರು. 1896ರಲ್ಲಿ ಅದನ್ನೇ ಉದ್ದ ಮಾಡಿದರು, ಕೊಳವೆ 23 ಮಿ.ಮೀ. ಚಿಲ್ಲರೆ. ಅದೇ ಲಾಂಗ್. ಆ ವರ್ಷವೇ ನ್ಯೂಯಾರ್ಕ್ ಪೊಲೀಸರ ಮೇಲುಸ್ತುವಾರಿಯಲ್ಲಿದ್ದ ಥಿಯೋಡರ್ ರೂಸ್‌ವೆಲ್ಟ್ ತಮ್ಮವರಿಗೆಲ್ಲ .32 ಬೋರಿನ ಕೋಲ್ಟ್ ನ್ಯೂ ಪೊಲೀಸ್ ರಿವಾಲ್ವರ್ ಆರಿಸಿದರು. ಕೋಲ್ಟ್ ಕಂಪನಿಗೆ ಎದುರಾಳಿಯ ಹೆಸರನ್ನು ತನ್ನ ಮಾಲಿನ ಮೇಲೆ ಹಾಕಲು ಮನಸ್ಸಿಲ್ಲ. ಗುಂಡಿನ ಮೂತಿ ಸ್ವಲ್ಪ ಚಪ್ಪಟೆ ಮಾಡಿ, .32 ಕೋಲ್ಟ್ ನ್ಯೂ ಪೊಲೀಸ್ ಅಂತ ಬೇರೆ ಹೆಸರಿಟ್ಟಿತು. ಕೊಳವೆ ಅದೇ. ವ್ಯಾಪಾರದವರ ಬುದ್ಧಿ ಎಲ್ಲ ಕಡೆ ಒಂದೇ, ಅಲ್ವಾ? ಮುಂದೆ ಪೊಲೀಸರು .38 ಸ್ಪೆಷಲ್ ಕಡೆ ಹೋದರು, .32 ಹಿಂದೆ ಬಿತ್ತು.

ಈ ತೋಟಾಕ್ಕೆ ಬಲ ಕಡಿಮೆ ಅಂತ ದೂರುವವರಿದ್ದಾರೆ, ಅದು ಸುಳ್ಳಲ್ಲ. ಸಾಮಾನ್ಯ ಗುಂಡು 98 ಗ್ರೇನ್, ಅಂದರೆ ಆರು ಗ್ರಾಂಗೆ ಸ್ವಲ್ಪ ಜಾಸ್ತಿ. ವೇಗ ಸೆಕೆಂಡಿಗೆ 215 ಮೀಟರ್ ಆಸುಪಾಸು. ಲೆಕ್ಕ ಹಾಕಿದರೆ 150 ಜೂಲ್ ಹತ್ತಿರ ಬರುತ್ತದೆ, 9 ಮಿ.ಮೀ. ಪಿಸ್ತೂಲಿನದು ಇದರ ಮೂರು ಪಟ್ಟು. ಹಳೇ ರಿವಾಲ್ವರ್‌ಗಳ ಉಕ್ಕು ತಡೆಯಬೇಕಲ್ಲ, ಅದಕ್ಕೆ ಒತ್ತಡವನ್ನೂ ಕಡಿಮೆ ಇಟ್ಟಿದ್ದಾರೆ. ಬಲ ಬೇಕು ಅನ್ನುವವರು ಇದನ್ನು ನೋಡಿ ನಗುತ್ತಾರೆ. ನಗಲಿ. ಗುರಿ ಕಲಿಯುವವನಿಗೆ ಬೇಕಾಗಿರುವುದು ಇದೇ ಅಂತ ನನಗೆ ಖಚಿತವಾಗಿದ್ದು ಶಿಬಿರದಲ್ಲಿ.

ದಾವಣಗೆರೆಯ ನನ್ನ ಸ್ನೇಹಿತನೊಬ್ಬ ಮೆಕ್ಕೆಜೋಳದ ದಲಾಲಿ. ಅವನದ್ದು ಕಾನ್ಪುರದ್ದು. ಮೊದಲ ಸಲ ಹಾರಿಸಿ ನನ್ನ ಕಡೆ ತಿರುಗಿ, "ಏನಣ್ಣಾ ಇದು, ದೀಪಾವಳಿ ಪಟಾಕಿ ಇದ್ದಂಗೈತಿ" ಅಂದ. ಗುರಿಹಾಳೆ ನೋಡಿದರೆ ಗುಂಡುಗಳೆಲ್ಲ ಕೆಳಗೆ ಎಡಕ್ಕೆ ಬಿದ್ದಿವೆ. ಬಂದೂಕಿನದೇ ದೋಷ ಅಂತ ಅವನ ವಾದ. ಕಲಿಸುತ್ತಿದ್ದ ಹವಾಲ್ದಾರರು ಏನೂ ಹೇಳಲಿಲ್ಲ. ರಿವಾಲ್ವರ್ ಇಸಕೊಂಡು, ಅವನಿಗೆ ಕಾಣದ ಹಾಗೆ ಸಿಲಿಂಡರಿನಲ್ಲಿ ಕೆಲವು ತೋಟಾ, ಕೆಲವು ಹಾರಿಸಿದ ಖಾಲಿ ಕೊಳವೆ ಸೇರಿಸಿ ಹಾಕಿ ಮುಚ್ಚಿ ಕೊಟ್ಟರು. ಒಂದು ಹಾರಿತು. ಮುಂದಿನದು ಠಕ್ ಅಂತಷ್ಟೇ ಅಂತು. ಸದ್ದಿಲ್ಲ, ಹೊಗೆಯಿಲ್ಲ, ಆದರೆ ನಳಿಗೆಯ ಮೂತಿ ತಾನಾಗಿ ಎರಡು ಬೆರಳಷ್ಟು ಕೆಳಗೆ ಹೋಗಿ ನಿಂತಿತ್ತು. ಬರಲಿರುವ ಹೊಡೆತಕ್ಕೆ ಕೈ ಮೊದಲೇ ಹೆದರಿ ತಗ್ಗಿದ್ದು ಅದು. ಅವನೂ ನೋಡಿದ, ನಾವೂ ನೋಡಿದೆವು. "ಸಾರ್, ಎಳೀಬೇಡಿ, ಒತ್ತಿ" ಅಂದರು ಹವಾಲ್ದಾರರು, ಅಷ್ಟೇ.

ಹೊಡೆತ ಜೋರಾಗಿರುವ ಬಂದೂಕಿನಲ್ಲಿ ಇದೇ ಹೆದರಿಕೆಯನ್ನು ಬಿಡಿಸಲು ಬಹಳ ಕಾಲ ಬೇಕು. ಪ್ರತಿ ಗುಂಡಿಗೂ ಬಂದೂಕು ಕೈಗೆ ಒದ್ದರೆ ಹೆದರಿಕೆ ಇನ್ನೂ ಗಟ್ಟಿಯಾಗುತ್ತದೆ. .32ರಲ್ಲಿ ಒದೆತವೇ ಇಲ್ಲದಷ್ಟು ಕಡಿಮೆ ಇರುವುದರಿಂದ ಹೆದರಲು ಕಾರಣ ಇಲ್ಲ ಅಂತ ಕೈಗೆ ನಿಧಾನಕ್ಕೆ ಗೊತ್ತಾಗುತ್ತದೆ, ಮತ್ತೆ ಗುಂಡು ಎಲ್ಲಿಗೋ ಹೋದರೆ ತಪ್ಪು ಹೊರಿಸಲು ಬೇರೆ ಯಾರೂ ಸಿಗುವುದಿಲ್ಲ. ನಾನು ಮನೆಯಲ್ಲಿ ಮಾಡುವ ಅಭ್ಯಾಸವೂ ಇದೇ ದಾರಿಯದು. ತೋಟಾ ಎಲ್ಲ ಬೇರೆ ಕೋಣೆಯಲ್ಲಿ ಬೀಗದಲ್ಲಿರುತ್ತವೆ. ಸಿಲಿಂಡರ್ ಖಾಲಿ ಅಂತ ಎರಡೆರಡು ಸಲ ನೋಡಿ, ಡಮ್ಮಿ ತೋಟಾ ಹಾಕಿ, ಗೋಡೆಯ ಮೇಲಿನ ಗುರುತಿಗೆ ಹಿಡಿದು ಟ್ರಿಗರ್ ಒತ್ತುವುದು. ಮುಂದಿನ ಸೈಟ್, ಅಂದರೆ ನಳಿಗೆಯ ತುದಿಯಲ್ಲಿ ಗುರಿ ನೋಡುವ ಮುಳ್ಳು, ಅಲುಗಬಾರದು. ಬೇಜಾರಿನ ಕೆಲಸ, ಆದರೆ ತೋಟಾ ಖರ್ಚಿಲ್ಲ.

ಈಗ ಗುಂಡಿನ ವಿಷಯ. ಇದರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ವಾಡ್‌ಕಟರ್ ಅನ್ನುವ ಚಪ್ಪಟೆ ಮೂತಿಯ ಗುಂಡು ನೋಡಿದ ಮೇಲೆ. ಬೆಂಗಳೂರಿನ ರೇಂಜ್ ಒಂದರಲ್ಲಿ ಸ್ಪರ್ಧೆಗೆ ತಯಾರಾಗುತ್ತಿದ್ದವರ ಪೆಟ್ಟಿಗೆಯಲ್ಲಿ ಲಪುವಾ ಕಂಪನಿಯ ತೋಟಾ ಇದ್ದವು. ಮೊದಲು ನೋಡಿದಾಗ ಗುಂಡೇ ಇಲ್ಲ ಅನ್ನಿಸಿತು. ಮೂತಿ ಪೂರ್ತಿ ಚಪ್ಪಟೆ, ಕೊಳವೆಯ ಬಾಯಿಗೆ ಸಮಕ್ಕೆ ಒಳಗೆ ಕೂತಿದೆ. ಬೆರಳಿಟ್ಟು ಸವರಿದರೆ ಸೀಸದ ತಣ್ಣನೆ ಮೈ ಮಾತ್ರ ಸಿಗುತ್ತದೆ. ನಮಗೆ ಸಿಗುವ ದುಂಡು ಮೂತಿಯ ಗುಂಡು ಹಾಳೆಯನ್ನು ಹರಿದುಕೊಂಡು ಹೋಗುತ್ತದೆ, ತೂತಿನ ಸುತ್ತ ಚಿಂದಿ. ವಾಡ್‌ಕಟರ್ ಗುಂಡಗೆ ಕತ್ತರಿಸಿ ಹೋಗುತ್ತದೆ. ಅಂಕದ ಗೆರೆ ಮುಟ್ಟಿದೆಯೋ ಇಲ್ಲವೋ ಅನ್ನುವ ಜಗಳವೇ ಇಲ್ಲ.

ನಿಖರತೆಗೂ ಅದಕ್ಕೂ ನಂಟಿದೆ. ಈ ಕೊಳವೆಯ ಅಳತೆ ನಿಗದಿಯಾಗಿದ್ದು ಕಪ್ಪು ಮದ್ದಿನ ಕಾಲದಲ್ಲಿ. ಕಪ್ಪು ಮದ್ದು ಜಾಸ್ತಿ ಜಾಗ ಬೇಡುತ್ತದೆ. ದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳ ಗಾತ್ರ ನೋಡಿದವರಿಗೆ ಆ ಕಾಲದಲ್ಲಿ ಎಷ್ಟು ಮದ್ದು ಬೇಕಿತ್ತು ಅನ್ನುವ ಅಂದಾಜಾದರೂ ಇರುತ್ತದೆ. ಈಗಿನ ಹೊಗೆಯಿಲ್ಲದ ಮದ್ದು ಚೂರೇ ಸಾಕು, ಹಾಗಾಗಿ ಕೊಳವೆಯೊಳಗೆ ಖಾಲಿ ಜಾಗ ಉಳಿಯುತ್ತದೆ, ಮದ್ದು ಆ ಕಡೆ ಈ ಕಡೆ ಜಾರುತ್ತದೆ. ವಾಡ್‌ಕಟರ್ ಒಳಗೆ ಆಳಕ್ಕೆ ಕೂತು ಆ ಜಾಗ ತುಂಬುತ್ತದೆ. ಪ್ರತಿ ಸಲ ಒಂದೇ ರೀತಿ ಉರಿಯುತ್ತದೆ.

ಅದಕ್ಕೇ ಅಂತರರಾಷ್ಟ್ರೀಯ ಸ್ಪರ್ಧೆಯ 25 ಮೀಟರ್ ಸೆಂಟರ್ ಫೈರ್ (ಬುಡದ ನಡುವೆ ಹೊಡೆದು ಹಾರಿಸುವ ತೋಟಾದ) ವಿಭಾಗದಲ್ಲಿ ಇದು ಇನ್ನೂ ರಾಜ. ಅಲ್ಲಿ 7.62ರಿಂದ 9.65 ಮಿ.ಮೀ.ವರೆಗೆ ಯಾವುದನ್ನಾದರೂ ಬಳಸಬಹುದು. ಹೆಚ್ಚಿನವರು ಬಳಸುವುದು .32 ವಾಡ್‌ಕಟರ್, ಅದೂ ಪಾರ್ಡಿನಿ, ವಾಲ್ಥರ್ ತರಹದ ಪಿಸ್ತೂಲಿನಲ್ಲಿ. ರಿವಾಲ್ವರಿಗೆ ಹುಟ್ಟಿದ ತೋಟಾ ಪಿಸ್ತೂಲಿನಲ್ಲಿ ಹೆಸರು ಮಾಡಿತು. 60 ಗುಂಡು. ಮೊದಲ 30 ನಿಧಾನಕ್ಕೆ, ಹತ್ತು ಅಂಕದ ವೃತ್ತ ಬರೀ 50 ಮಿ.ಮೀ. ಆಮೇಲಿನ 30ರಲ್ಲಿ ಒಂದೊಂದು ಗುಂಡಿಗೆ 3 ಸೆಕೆಂಡ್ ಮಾತ್ರ. ನಮ್ಮ ದೇಶದ ಶೂಟರ್ ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲೂ 2006ರ ದೋಹಾದಲ್ಲೂ ಚಿನ್ನ ಗೆದ್ದದ್ದು ಇದೇ ಸೆಂಟರ್ ಫೈರ್ ವಿಭಾಗದಲ್ಲಿ. ನನ್ನ ವೆಬ್ಲಿಗೂ ಆ ಪಿಸ್ತೂಲುಗಳಿಗೂ ಹೋಲಿಕೆ ಇಲ್ಲ, ಸೈಟ್ ಅಲುಗಿಸಲೂ ಬರುವುದಿಲ್ಲ. ಆದರೆ ತೋಟಾದ ಗುಣ ಎರಡಕ್ಕೂ ಒಂದೇ.

ಹೊಸದಾಗಿ ಲೈಸೆನ್ಸ್ ಮಾಡಿಸಿದವರಿಗೆ ಒಂದು ಮಾತು. ಅಂಗಡಿಯಲ್ಲಿ ಸುಮ್ನೆ 'ತರ್ಟಿಟೂ ಕೊಡಿ' ಅನ್ನಬೇಡಿ. .32 ಅನ್ನುವುದು ಎರಡು ಇದೆ. ಪಿಸ್ತೂಲಿನದು 17 ಮಿ.ಮೀ. ಕೊಳವೆಯ 7.65 ಮಿ.ಮೀ. ತೋಟಾ, ಬ್ರೌನಿಂಗ್ ಮಾಡಿದ್ದು. ರಿವಾಲ್ವರಿನದು 23 ಮಿ.ಮೀ. ಪಿಸ್ತೂಲಿನದು ಎಷ್ಟೋ ರಿವಾಲ್ವರ್‌ಗಳಲ್ಲಿ ಕೂತುಬಿಡುತ್ತದೆ, ಅದೇ ಅಪಾಯ. ಅದರ ಒತ್ತಡ ಜಾಸ್ತಿ, ಹಳೇ ಸಿಲಿಂಡರ್ ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ಪೆಟ್ಟಿಗೆ ತೆಗೆಸಿ, ತೋಟಾದ ಬುಡದ ಮೇಲಿನ ಅಕ್ಷರ ಓದಿಯೇ ತಗೊಳ್ಳಿ. ಕೆಎಫ್ ಅಂತ ಇದ್ದರೆ ಕಿರ್ಕಿ, ಅಂದರೆ ಪುಣೆಯ ಖಡ್ಕಿ ಕಾರ್ಖಾನೆಯದು.

ಇನ್ನೊಂದು, ತೋಟಾಗಳನ್ನು ಚರ್ಮದ ಬೆಲ್ಟಿನಲ್ಲಿ ಸಿಕ್ಕಿಸಿ ವರ್ಷಗಟ್ಟಲೆ ಇಡಬೇಡಿ. ಅಪ್ಪನ ಬೆಲ್ಟಿನಲ್ಲಿದ್ದವು ಹಿತ್ತಾಳೆ ಪೂರ್ತಿ ಹಸಿರು ಕಟ್ಟಿ, ಚರ್ಮಕ್ಕೇ ಅಂಟಿಕೊಂಡಿದ್ದವು. ಚರ್ಮ ಹದ ಮಾಡಲು ಬಳಸಿದ್ದೇ ಹಿತ್ತಾಳೆಯನ್ನು ತಿನ್ನುತ್ತದೆ. ರಿವಾಲ್ವರ್ ಕೂಡ ಚರ್ಮದ ಚೀಲದಿಂದ ತೆಗೆದು, ಎಣ್ಣೆ ಸವರಿ ಬಟ್ಟೆಯಲ್ಲಿಡಿ. ಚುನಾವಣೆ ಬಂದು ಠಾಣೆಯಲ್ಲಿ ಜಮಾ ಮಾಡುವಾಗಲಂತೂ ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿ ಕೊಡಿ, ವಾಪಸ್ ಬರುವುದು ಯಾವಾಗಲೋ. ರಸೀದಿ ಮರೆಯಬೇಡಿ.

ನಮ್ಮ ದಲಾಲಿ ಸ್ನೇಹಿತ ಈಗ ಹೊಸದರ ಆಸೆಯಲ್ಲಿದ್ದಾನೆ. ಕಾನ್ಪುರದಿಂದ 2014ರಲ್ಲಿ ಹೆಂಗಸರಿಗೆ ಅಂತ ಹಗುರದ ನಿರ್ಭೀಕ್ ಬಂತು, 2023ರಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುವ ಪ್ರಬಲ್ ಬಂತು. ಅವನ ಕಣ್ಣು ಪ್ರಬಲ್ ಮೇಲೆ. 50 ಮೀಟರ್‌ವರೆಗೆ ಹೊಡೆಯುತ್ತದಂತೆ ಅಂತ ಫೋನ್ ಮಾಡಿ ವರದಿ ಒಪ್ಪಿಸಿದ. ತೋಟಾ ಯಾವುದಪ್ಪಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅದs ಅಣ್ಣಾ, ಪಟಾಕಿ" ಅಂದ.